ಒಂದು ತೂತು, ನಾಲ್ಕು ತೂತು

ನಗುವಾಗ ದೊಡ್ಡಮ್ಮನ ಎಡಗೈ ಹೊಕ್ಕುಳಿನ ಮೇಲೆ ಇರುತ್ತಿತ್ತು. ಬೆರಳು ಅಗಲಿಸಿ, ಅಂಗೈ ಚಪ್ಪಟೆ ಮಾಡಿ, ಉಕ್ಕುವ ಪಾತ್ರೆಯ ಮುಚ್ಚಳ ಹಿಡಿದ ಹಾಗೆ ಸೀರೆಯ ನೆರಿಗೆಯನ್ನು ಒತ್ತಿ ಹಿಡಿದುಕೊಂಡೇ ನಗುತ್ತಿದ್ದಳು. ಕೆಮ್ಮುವಾಗಲೂ ಹಾಗೆಯೇ, ನೆಲದಿಂದ ಏಳುವಾಗಲೂ ಹಾಗೆಯೇ. ಹೊಸದಾಗಿ ನೋಡಿದವರು ಇದು ಹಳೇ ಕಾಲದ ಹೆಂಗಸರ ನಾಚಿಕೆ ಅಂದುಕೊಳ್ಳುತ್ತಿದ್ದರು. ನಾಚಿಕೆಗೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಆ ಕೈ ಅಲ್ಲಿಗೆ ಹೋದದ್ದು ನನ್ನಿಂದ. ಹಾಗಂತ ಹೇಳುವವಳು ನಾನೊಬ್ಬಳೇ. ಮನೆಯಲ್ಲಿ ಬೇರೆ ಯಾರೂ ಹೇಳಿಲ್ಲ, ಅವಳಂತೂ ನನ್ನನ್ನು ಹೇಳಲು ಬಿಟ್ಟೇ ಇಲ್ಲ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಇಬ್ಬರೂ ಹುಟ್ಟಿದ್ದು ಮಡಕಶಿರದಲ್ಲಿ. ಅಮ್ಮನನ್ನು ರಾಯದುರ್ಗಕ್ಕೆ ಕೊಟ್ಟರು, ದೊಡ್ಡಮ್ಮನನ್ನು ಮಡಕಶಿರದಲ್ಲೇ ಇನ್ನೊಂದು ಬೀದಿಗೆ ಕೊಟ್ಟರು. ಅವಳ ಗಂಡ, ಅಂದರೆ ನನ್ನ ದೊಡ್ಡಪ್ಪ, ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದ. ಮನೆಯ ಹಿಂದಿನ ಶೆಡ್ಡಿನ ರೇಷ್ಮೆಹುಳುಗಳು ಮಾತ್ರ ಪೂರ್ತಿ ಅವಳ ರಾಜ್ಯ. ಹಿಂದೂಪುರದ ಗೂಡಿನ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ನಮ್ಮ ಮನೆಗೆ ಬಂದಾಗಲೆಲ್ಲ ಅಮ್ಮನ ಮಾತನ್ನು ಆಡಿಕೊಳ್ಳದೆ ಬಿಡುತ್ತಿರಲಿಲ್ಲ. "ನಿಮ್ಮೂರಾಗೆ ನಾಯಿಗೂ ಬರ್ರಿ ಹೋಗ್ರಿ ಅಂತೀರಂತೆ, ನಿಜವೇನೇ?" ಎನ್ನುವಳು. ಅಮ್ಮ ಈಳಿಗೆಯಿಂದ ತಲೆ ಎತ್ತದೆ, "ಹೌದ್ರಿ ಅಕ್ಕಾರ, ಬಂದ ಬೀಗರಿಗೆ ಮಾತ್ರ ಅನ್ನೂದಿಲ್ಲ ನೋಡ್ರಿ" ಎಂದು ತಿರುಗಿ ಕೊಡುವಳು.

ಎಲ್ಲದಕ್ಕೂ ಮೊದಲು ಹೋಗುವುದು ದೊಡ್ಡಮ್ಮನ ಚಾಳಿ. ಹೊಸ ಬೋರಿನ ನೀರು ಮೊದಲು ಅವಳ ಬಾಯಿಗೆ. ಯಾರದೋ ಹೊಲದ ಕಾಲುದಾರಿಯಲ್ಲಿ ಮುಳ್ಳಿದೆ ಅಂದರೆ ಅವಳ ಕಾಲು ಮುಂದೆ. ನನಗೆ ಕಿವಿ ಚುಚ್ಚಿಸುವ ದಿನ ಅಕ್ಕಸಾಲಿಯನ್ನು ಕಂಡದ್ದೇ ನಾನು ಅಟ್ಟದ ಏಣಿ ಹತ್ತಿ ಕೂತೆನಂತೆ. ಬೆಲ್ಲ ತೋರಿಸಿದರೂ ಇಳಿಯಲಿಲ್ಲ, ಅಪ್ಪ ಗದರಿಸಿದರೂ ಇಳಿಯಲಿಲ್ಲ. ದೊಡ್ಡಮ್ಮ ಸೀದಾ ಹೋಗಿ ಅಕ್ಕಸಾಲಿಯ ಮುಂದೆ ಕೂತು, ಮೊದಲೇ ಓಲೆಯಿದ್ದ ತನ್ನ ಕಿವಿಯ ಮೇಲಂಚಿನಲ್ಲಿ ಇನ್ನೊಂದು ತೂತು ಹಾಕಿಸಿಕೊಂಡಳು. ಆಮೇಲೆ ಏಣಿಯ ಕೆಳಗೆ ಬಂದು ಕಿವಿ ತೋರಿಸಿ, "ನೋಡು, ಏನೂ ಇಲ್ಲ" ಅಂದಳು. ನಾನು ಇಳಿದೆ. ಆ ತೂತಿಗೆ ಅವಳು ಏನನ್ನೂ ಹಾಕಲಿಲ್ಲ, ಅದು ತಾನಾಗಿ ಮುಚ್ಚಿಕೊಂಡಿತು. ನಮ್ಮ ಮನೆಯಲ್ಲಿ ಇದನ್ನು ತಮಾಷೆಯ ಕತೆಯಾಗಿ ಹೇಳುತ್ತಾರೆ. ನಾನೂ ಹಾಗೆಯೇ ಹೇಳಿಕೊಂಡು ಬಂದಿದ್ದೆ.

ರಾಯದುರ್ಗದಲ್ಲಿ ನಮ್ಮದು ಜೀನ್ಸ್ ಹೊಲಿಯುವ ಶೆಡ್ಡು. ಡಿಗ್ರಿ ಮುಗಿಸಿ ನಾನು ಅಲ್ಲೇ ಕೂತೆ. ಹೊಲಿದು ಬಂದ ಪ್ಯಾಂಟುಗಳನ್ನು ಎಳೆದು ನೋಡಿ ಪಾಸು ಮಾಡುವುದು ನನ್ನ ಕೆಲಸ. ಒಂದು ಸಂಜೆ ಶೆಡ್ಡಿಗೆ ತಂದ ಮಿರ್ಚಿ ಬಜ್ಜಿ ತಿಂದು ಎದ್ದವಳಿಗೆ ಬಲಪಕ್ಕೆಯ ಕೆಳಗೆ ಯಾರೋ ಮೊಣಕೈ ಊರಿ ಒತ್ತಿದಂತೆ ನೋವು ಶುರುವಾಯಿತು. ಬೆನ್ನಿಗೆ ಹೋಯಿತು, ಭುಜಕ್ಕೆ ಹೋಯಿತು, ವಾಂತಿಯಾಯಿತು. ಬಳ್ಳಾರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು. ಬಾವು ಬಂದಿದೆ, ಅದು ಇಳಿಯಲಿ, ಆಮೇಲೆ ಪಿತ್ತಕೋಶವನ್ನೇ ತೆಗೆಯಬೇಕು ಎಂದರು.

ನನಗೆ ಆಗ ಬೊಮ್ಮನಹಾಳಿನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಅವರ ಮನೆಯವರು ಬಂದು ಹೂ ಮುಡಿಸಿ ಹೋಗಿದ್ದರು. ಅಮ್ಮನಿಗೆ ಕಲ್ಲಿಗಿಂತ ಕಲೆಯ ಭಯ ದೊಡ್ಡದಾಯಿತು. "ಹುಡುಗಿ ಹೊಟ್ಟಿ ಕೊಯ್ಸ್ಯಾರ ಅಂದ್ರ ಪಿತ್ತಕೋಶ ಅಂತ ಯಾರು ನಂಬ್ತಾರ? ಗರ್ಭಚೀಲ ಅಂತಾರ. ಯಾಕ, ಏನು, ಯಾವಾಗ ಅಂತ ಊರೆಲ್ಲ ಕೇಳ್ತಾರ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಅಮ್ಮನನ್ನು ದೂರಿ ನಾನು ಪಾರಾಗುವಂತಿಲ್ಲ. ನನಗೂ ಅದೇ ಭಯವಿತ್ತು. ಮೊಬೈಲಿನಲ್ಲಿ ಹುಡುಕಿ ಹುಡುಕಿ, ಹೊಕ್ಕುಳಿನೊಳಗೆ ಒಂದೇ ತೂತು ಮಾಡಿ ತೆಗೆಯುವ ವಿಧಾನವಿದೆ, ಹೊರಗೆ ಗುರುತೇ ಉಳಿಯುವುದಿಲ್ಲ ಎಂದು ಮೊದಲು ಮನೆಗೆ ತಂದವಳು ನಾನೇ.

ಮುಂದಿನ ಸಲ ಸರ್ಜನ್ ಹತ್ತಿರ ಹೋಗುವಾಗ ದೊಡ್ಡಮ್ಮ ಮಡಕಶಿರದಿಂದ ಬಂದು ನಮ್ಮ ಜೊತೆಗೂಡಿದಳು. ಸರ್ಜನ್ ಒಳ್ಳೆಯ ಮನುಷ್ಯ, ಅವಸರವಿಲ್ಲದವರು. ಸ್ಕ್ಯಾನಿನ ಕವರಿನ ಹಿಂದೆ ಪೆನ್ನಿನಲ್ಲಿ ಒಂದು ಹೊಟ್ಟೆ ಬರೆದರು. "ನೋಡ್ರಿ, ಮೊದಲೆಲ್ಲಾ ಪಕ್ಕಿ ಕೆಳಗ ಇಷ್ಟುದ್ದ ಕೊಯ್ತಿದ್ವಿ. ಈಗ ಅದು ಬೇಕಾಗೂದು ಅಪರೂಪ. ಈಗ ಲ್ಯಾಪರೋಸ್ಕೋಪಿ. ಹೊಕ್ಕಳದಾಗ ಕ್ಯಾಮೆರಾ, ಮ್ಯಾಲೊಂದು ತೂತು, ಬಲಕ್ಕ ಎರಡು, ಒಟ್ಟು ನಾಲ್ಕು. ಇನ್ನೊಂದು, ಎಲ್ಲಾ ಸಾಮಾನೂ ಹೊಕ್ಕಳದಿಂದನ ಹಾಕೂದು. ಒಂದ ತೂತು. ಬೆಂಗಳೂರಾಗ ರೋಬೋ ಐತಿ, ಅದರಾಗೂ ತೂತ, ಕೈ ಮಾತ್ರ ಯಂತ್ರದ್ದು."

"ಯಾವುದು ಚಲೋರಿ?" ಎಂದು ಅಮ್ಮ ಕೇಳಿದಳು.

"ನನ್ನ ಕೇಳಿದ್ರ ನಾಲ್ಕು. ನಾಲ್ಕು ಕಡಿಯಿಂದ ಹೋದ್ರ ಚಂದ ಕಾಣ್ತೈತಿ, ಕೈ ಆಡ್ತಾವ. ಒಂದ ಬಾಗಿಲದಾಗ ಮೂರು ಮಂದಿ ಒಮ್ಮೆಲೇ ನುಗ್ಗಿದ್ರ ಹೆಂಗ? ಹಂಗಂತ ಆಗೂದಿಲ್ಲ ಅಂತಲ್ಲ, ನಾನು ಮಾಡೀನಿ. ಗಾಯದ ಕಲಿ ಕಾಣೂದಿಲ್ಲ, ಅದು ಖರೆ. ಆದ್ರ ಹೊಕ್ಕಳದ ಹತ್ರ ಕೊಯ್ತ ಸ್ವಲ್ಪ ದೊಡ್ಡದಾಗ್ತೈತಿ. ಅಲ್ಲಿ ಮುಂದ ಹರ್ನಿಯಾ ಬರೂ ಸಾಧ್ಯತಿ ಜಾಸ್ತಿ. ನಾ ಹೇಳೂತನಕ ಭಾರ ಎತ್ತಂಗಿಲ್ಲ."

ಎಲ್ಲ ಭಾರವೂ ಒಂದೇ ಕಡೆ ಬೀಳುವ ಹೊಲಿಗೆಯನ್ನು ನಮ್ಮ ಶೆಡ್ಡಿನಲ್ಲಾಗಿದ್ದರೆ ನಾನು ಪಾಸು ಮಾಡುತ್ತಿರಲಿಲ್ಲ. ಅಲ್ಲಿ ಕೂತು ನನಗೆ ಅದು ಹೊಳೆಯಲೂ ಇಲ್ಲ. "ಒಂದೇ ತೂತಿನದು ಮಾಡ್ರಿ ಸರ್" ಎಂದೆ. ಹೇಳುತ್ತ, ಹೊಟ್ಟೆ ಬರೆದ ಆ ಕವರನ್ನು ಮಗುಚಿ ಇಟ್ಟೆ. ದೊಡ್ಡಮ್ಮ ನನ್ನ ಮುಖ ನೋಡಿದಳು. ಆಮೇಲೆ ಕುರ್ಚಿಯನ್ನು ಸರ್ಜನ್ ಕಡೆಗೆ ಸರಿಸಿಕೊಂಡು, "ನಂಗೂ ಕಲ್ಲೈತೆ ಸಾಮಿ. ಹೋದ ವರ್ಸ ಹಿಂದೂಪುರದಾಗೆ ಬೇರೆದಕ್ಕೆ ಸ್ಕ್ಯಾನ್ ಮಾಡ್ದಾಗ ಹೇಳಿದ್ರು" ಅಂದಳು.

"ನೋವು ಬರ್ತೈತೇನ್ರಿ? ಎಣ್ಣಿದು, ತುಪ್ಪದ್ದು ತಿಂದ ಮ್ಯಾಲೆ? ನೋವಿಲ್ಲ ಅಂದ್ರ ಇಂಥವನ್ನ ಸುಮ್ನ ಮುಟ್ಟೂದಿಲ್ಲ ನಾವು."

"ಬತ್ತೈತೆ" ಎಂದಳು ದೊಡ್ಡಮ್ಮ, ಕಿಟಕಿಯ ಕಡೆ ನೋಡುತ್ತ.

ಅಮ್ಮನಿಗೆ ಆಶ್ಚರ್ಯವಾಯಿತು. "ನಮಗೆಲ್ಲಿ ಹೇಳಿದ್ದಿ ನೀನು?"

"ಎಲ್ಲಾನೂ ನಿಂಗೆ ಹೇಳ್ಕಂಡೇ ಬದುಕ್ಬೇಕೇನೆ?"

ಹೀಗೆ ಅವಳ ಆಪರೇಷನ್ ನನಗಿಂತ ಮೊದಲು ನಿಗದಿಯಾಯಿತು. ನನ್ನ ಬಾವು ಇಳಿಯಬೇಕಿತ್ತು, ಜೊತೆಗೆ ಅಪ್ಪ ಆಷಾಢ ಕಳೆಯಲಿ ಎಂದರು. ದೊಡ್ಡಮ್ಮ ಆಷಾಢಕ್ಕೆ ಸೊಪ್ಪು ಹಾಕುವವಳಲ್ಲ. ಒಂದೇ ತೂತಿನದೇ ಬೇಕು ಎಂದು ಹಟ ಹಿಡಿದಳು. "ಈ ವಯಸ್ಸಿನಾಗ ನಿನ್ನ ಹೊಟ್ಟಿ ಯಾರು ನೋಡಬೇಕು?" ಎಂದು ಅಮ್ಮ ಛೇಡಿಸಿದರೆ, "ನಿಮ್ಮ ಭಾವ" ಎಂದು ಆಸ್ಪತ್ರೆಯ ವರಾಂಡ ಕೇಳುವಂತೆ ಹೇಳಿದಳು. ಸರ್ಜನ್ ಇನ್ನೊಮ್ಮೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಹುಣಸೆ ಬೀಜದಷ್ಟು ದೊಡ್ಡ ಒಂದೇ ಕಲ್ಲನ್ನು ಪುಟ್ಟ ಗಾಜಿನ ಸೀಸೆಯಲ್ಲಿ ಹಾಕಿ ಕೊಟ್ಟರು. ಪಟ್ಟಿ ತೆಗೆದ ದಿನ ನಾನು ಬಗ್ಗಿ ನೋಡಿದೆ. ಹೊಕ್ಕುಳು ಹೊಕ್ಕುಳಿನಂತೆಯೇ ಇತ್ತು. ನನಗೆ ಹಿಡಿಸಲಾರದಷ್ಟು ಖುಷಿಯಾಯಿತು.

ಕಷ್ಟ ಶುರುವಾದದ್ದು ಅವಳು ಮಡಕಶಿರಕ್ಕೆ ಮರಳಿದ ಮೇಲೆ. ಶೆಡ್ಡಿನಲ್ಲಿ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಕೊನೆಯ ಜ್ವರ ಎದ್ದ ಮೇಲೆ ಅವು ಎಷ್ಟು ಸೊಪ್ಪು ಹಾಕಿದರೂ ಸಾಲದು ಎನ್ನುವಂತೆ ತಿನ್ನುತ್ತವೆ. ಒಂದು ಹೊತ್ತು ತಪ್ಪಿದರೆ ಗೂಡು ಜಾಳಾಗುತ್ತದೆ. ಮನೆಗೆ ನೋಡಲು ಬಂದ ಹೆಂಗಸರೆಲ್ಲ ಗಾಯ ತೋರಿಸು ಎನ್ನುತ್ತಿದ್ದರು. ನಮ್ಮ ಕಡೆ ಅದು ರೂಢಿ. ಗಾಯ ನೋಡಿ ಲೊಚಗುಟ್ಟಿದರೆ ತಾನೇ ನೋಡಲು ಬಂದಂತೆ? ದೊಡ್ಡಮ್ಮ ಸೆರಗು ಸರಿಸಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. "ಎಲ್ಲಿ ಆಯ್ತೇ ಆಪರೇಷನ್ನು? ಬಳ್ಳಾರಿ ನೋಡ್ಕಂಡು ಬಂದ್ಯೇನೋ" ಎಂದು ನಕ್ಕು, ಕಾಫಿ ಕುಡಿದು ಹೋಗುತ್ತಿದ್ದರು. ಹೊಲಿಗೆ ಕಾಣುವಂತಿದ್ದರೆ ಅದೇ ಹೆಂಗಸರು ಅವಳ ಕೈಯಿಂದ ಕೊಡ ಕಸಿದುಕೊಳ್ಳುತ್ತಿದ್ದರು. ದೊಡ್ಡಪ್ಪ ಮೊದಲ ಕೆಲವು ದಿನ ಸೊಪ್ಪು ತಾನೇ ಹೊತ್ತ. ಹೆಂಡತಿ ಎದ್ದು ಓಡಾಡುತ್ತಿದ್ದಾಳೆ, ಗಾಯವಿಲ್ಲ, ಮಾತ್ರೆಯಿಲ್ಲ. ಅವನೂ ಮರೆತ.

ಅದೇ ವಾರ ನಾನೂ ಅಮ್ಮನೂ ಅವಳನ್ನು ನೋಡಲು ಹೋದೆವು. ಹೋದದ್ದು ಅವಳ ಯೋಗಕ್ಷೇಮಕ್ಕೆ ಎಂದು ಹೇಳಿಕೊಂಡೆವು. ನಿಜವಾಗಿ ನಾನು ಹೋದದ್ದು ನನ್ನ ಭಯ ಕಳೆದುಕೊಳ್ಳಲು. ಅವಳು ಶೆಡ್ಡಿನ ಬಾಗಿಲಲ್ಲಿ ಕೂತಿದ್ದಳು. ನಾನು ಎದುರು ಕೂತು ಬಿಡದೆ ಕೇಳಿದೆ: ಎಚ್ಚರವಾದಾಗ ಹೇಗಿತ್ತು, ಎಳೆದಂತಾಗುತ್ತದಾ, ಒಳಗೆ ಏನಾದರೂ ಕಡಿಮೆಯಾದಂತೆ ಅನಿಸುತ್ತದಾ, ರಾತ್ರಿ ಮಗ್ಗುಲಾಗಬಹುದಾ. ಅವಳು ಎಲ್ಲದಕ್ಕೂ ಉತ್ತರ ಹೇಳಿದಳು. ನಾನು ಮತ್ತೆ ಮೊದಲಿನಿಂದ ಕೇಳಿದೆ. ಅಷ್ಟರಲ್ಲಿ ದೊಡ್ಡಪ್ಪ ಮೊಪೆಡ್ಡಿನ ಹಿಂದೆ ಸೊಪ್ಪಿನ ಹೊರೆ ತಂದು ಅಂಗಳದಲ್ಲಿ ಕೆಡವಿ, ಇನ್ನೊಂದು ತರಲು ತೋಟಕ್ಕೆ ಹೋದ. ದೊಡ್ಡಮ್ಮ ಎದ್ದಳು. ಮಂಡಿಯಲ್ಲಿ ಒಮ್ಮೆ ತಡೆದು ಇಡೀ ಹೊರೆಯನ್ನು ತಲೆಗೆ ಎತ್ತಿಕೊಂಡಳು. ನನ್ನ ಕಡೆ ತಿರುಗಿ ನಿಂತಳು.

"ನೋಡು, ಏನೂ ಇಲ್ಲ."

ಭಾರ ಎತ್ತಬಾರದು ಎಂದು ಸರ್ಜನ್ ಹೇಳಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಅಮ್ಮ ಒಳಗಿದ್ದಳು, ಅಲ್ಲಿ ಇಳಿಸು ಎನ್ನಬಹುದಾಗಿದ್ದವಳು ನಾನೊಬ್ಬಳೇ. ನಾನು ಅನ್ನಲಿಲ್ಲ. ಆ ಹೊರೆ ಅವಳ ತಲೆಯ ಮೇಲಿದ್ದಷ್ಟು ಹೊತ್ತು ನನ್ನ ಎದೆ ಹಗುರವಾಗುತ್ತ ಹೋಯಿತು. ಅವಳು ಶೆಡ್ಡಿನೊಳಗೆ ಹೋಗಿ ಹೊರೆ ಇಳಿಸಿ ಬರುವಷ್ಟರಲ್ಲಿ ನಾನು ಅಮ್ಮನ ಹತ್ತಿರ ಹೋಗಿ, ಆಷಾಢ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದೆ.

ನನ್ನ ಆಪರೇಷನ್ನಿನ ವಾರ ದೊಡ್ಡಮ್ಮ ನೇರ ನನಗೇ ಫೋನ್ ಮಾಡಿದಳು. ಅಮ್ಮನಿಗೆ ಮಾಡದೆ ನನಗೆ ಮಾಡಿದ್ದೇ ಹೊಸದು.

"ನೀನು ನಾಲ್ಕೇ ತೂತು ಹಾಕಿಸ್ಕ."

"ಯಾಕ ದೊಡ್ಡಮ್ಮ?"

"ಒಂದ್ರಾಗೆ ಹೋಗ್ಬಂದೋಳು ಹೇಳ್ತಾ ಇದೀನಿ, ಕೇಳು."

"ಮದುವಿ ಮನಿಯವರು?"

"ಅವ್ರು ನಂಗಿರ್ಲಿ ಬಿಡು. ನೀನು ನಾಲ್ಕು ಹಾಕಿಸ್ಕ."

ನಾನು ನಾಲ್ಕು ಹಾಕಿಸಿಕೊಂಡೆ. ಮೂರು ಪಟ್ಟಿ ಹೊಟ್ಟೆಯ ಮೇಲೆ, ಒಂದು ಹೊಕ್ಕುಳಲ್ಲಿ. ಅವನ್ನು ನೋಡಿ ಅಪ್ಪ ನನ್ನನ್ನು ಒಂದು ಪ್ಯಾಂಟಿನ ಕಟ್ಟು ಮುಟ್ಟಲೂ ಬಿಡಲಿಲ್ಲ. ಬೀದಿಯ ಹೆಂಗಸರು ಬ್ರೆಡ್ಡು, ಎಳನೀರು ತಂದು, ಗಾಯ ನೋಡಿ, ಲೊಚಗುಟ್ಟಿ, ಇನ್ನಷ್ಟು ದಿನ ಮಲಗು ಎಂದು ಹೇಳಿ ಹೋದರು. ನಾನು ರಾಣಿಯ ಹಾಗೆ ಮಲಗಿದೆ. ಆರೈಕೆಗೆ ಬಂದ ದೊಡ್ಡಮ್ಮ ನನ್ನ ತಲೆ ಬಾಚುತ್ತಿದ್ದಾಗ ಅವಳ ಸೀರೆಯ ಕೆಳಗೆ ಏನೋ ಗಟ್ಟಿಯಾಗಿ ನನ್ನ ಬೆನ್ನಿಗೆ ತಾಗಿತು. ಹಳೇ ಸೀರೆಯ ಪಟ್ಟಿಯನ್ನು ಹೊಟ್ಟೆಗೆ ಬಿಗಿದು ಕಟ್ಟಿಕೊಂಡಿದ್ದಳು. ಬಿಚ್ಚು ಎಂದು ಹಟ ಮಾಡಿದೆ. ಹೊಕ್ಕುಳಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬು. ಅವಳು ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಗೆ ದೂಡಿ, "ಹೇಳ್ದಂಗೆ ಕೇಳ್ತಾನೆ ಕಣೇ, ನಿಮ್ಮ ದೊಡ್ಡಪ್ಪಂಗಿಂತ ವಾಸಿ" ಅಂದಳು. ನಾನು ಅತ್ತೆ. ಅವಳು ನನ್ನ ಜಡೆಯನ್ನು ಪೂರ್ತಿ ಹೆಣೆದೇ ಬಾಚಣಿಗೆ ಕೆಳಗಿಟ್ಟಳು.

ಮಾತು ಕೊಟ್ಟಂತೆ ಬೊಮ್ಮನಹಾಳಿನವರನ್ನೂ ಅವಳೇ ನೋಡಿಕೊಂಡಳು. ಅಮ್ಮ ಮುಚ್ಚಿಡೋಣ ಎಂದರೆ ಕೇಳದೆ, ಮದುವೆಗೆ ಮುಂಚೆ ನಮ್ಮಿಬ್ಬರನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ನನ್ನ ಅತ್ತೆಯಾಗಲಿದ್ದವರ ಎದುರು ಕೂತು ಎರಡು ಸೀಸೆ ತೆಗೆದಳು. ಒಂದರಲ್ಲಿ ಅವಳ ಕಲ್ಲು, ಇನ್ನೊಂದರಲ್ಲಿ ಜಲ್ಲಿಯಂಥ ನನ್ನ ಕಲ್ಲುಗಳು. "ಇವು ಪಿತ್ತಕೋಶದವು ಕಣಮ್ಮ. ಇದು ನಂದು, ಇವು ಹುಡುಗಿದು. ಗರ್ಭಚೀಲದಾಗೆ ಹಿಂಗೆ ಕಲ್ಲು ಬೆಳೆಯಾಕಿಲ್ಲ. ಅನುಮಾನ ಇದ್ರೆ ಈಗ್ಲೇ ಕೇಳ್ಬಿಡ್ರಿ, ಮದ್ವೆಯಾದ ಮ್ಯಾಲೆ ಬ್ಯಾಡ" ಅಂದಳು. ಆಯಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದರು. ಸೀಸೆ ತಿರುಗಿ ಕೊಡುತ್ತ, "ನಂಗೂ ಊಟ ಆದ ಮ್ಯಾಲೆ ಹಿಂಗ ಪಕ್ಕಿ ಹಿಡಿತೈತ್ರಿ. ಆ ಡಾಕ್ಟ್ರು ಎಲ್ಲಿ ಕೂಡ್ತಾರ?" ಎಂದು ಕೇಳಿದರು. ಮದುವೆ ನಿಲ್ಲಲಿಲ್ಲ.

ದೊಡ್ಡಮ್ಮನ ಉಬ್ಬಿಗೆ ಸರ್ಜನ್ ದಾರಿ ಹೇಳಿದ್ದರು. ಒಳಗೆ ಜಾಲರಿಯಂಥ ಬಲೆ ಇಟ್ಟು ಹೊಲಿಯಬೇಕು, ತಡ ಮಾಡಬೇಡಿ ಎಂದಿದ್ದರು. ಅವಳು ಈ ಬೆಳೆ ಆಗಲಿ ಎಂದಳು, ಆಮೇಲೆ ಮುಂದಿನ ಬೆಳೆ ಎಂದಳು. ಕರೆದುಕೊಂಡು ಬರಲು ನಾನು ಮಡಕಶಿರಕ್ಕೆ ಹೋದಾಗಲೆಲ್ಲ ಒಂದು ನೆವ ತಯಾರಾಗಿರುತ್ತಿತ್ತು. ಬೆಲ್ಟು ಕಟ್ಟಿಕೊಂಡು ಓಡಾಡಿದಳು. ಹೊರೆ ಎತ್ತಲಾಗದ ಮೇಲೆ ಹುಳು ಸಾಕುವುದು ಕಡಿಮೆಯಾಗಿ, ಒಂದು ವರ್ಷ ನಿಂತೇಹೋಯಿತು. ಆ ಶೆಡ್ಡಿನಲ್ಲಿ ಕಡಲೆಕಾಯಿ ಮೂಟೆ ಇಟ್ಟರು. ಅವಳು ಬಾಗಿಲಲ್ಲಿ ಕೂತು ಬೇರೆಯವರ ಮೊಪೆಡ್ಡುಗಳ ಮೇಲೆ ಹೋಗುವ ಸೊಪ್ಪನ್ನು ನೋಡಿ, ಎಳೆ ಸೊಪ್ಪು, ಬಲಿತ ಸೊಪ್ಪು ಎಂದು ಹೇಳುತ್ತಿದ್ದಳು. ಅದನ್ನು ಕೇಳಿಸಿಕೊಂಡು ಅವಳ ಪಕ್ಕ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಬರುಬರುತ್ತ ನಾನು ಹೋಗುವುದೂ ಕಡಿಮೆಯಾಯಿತು. ತಪ್ಪಿತಸ್ಥರು ಸಾಮಾನ್ಯವಾಗಿ ಬೆನ್ನು ತಿರುಗಿಸುತ್ತಾರೆ, ನಾನೂ ಅದನ್ನೇ ಮಾಡಿದೆ.

ಒಂದು ಸಲ ಮಾತ್ರ ಕೇಳಿದೆ. ನನ್ನ ಮಗುವಿಗೆ ಅವಳು ಎಣ್ಣೆ ನೀವುತ್ತಿದ್ದಳು.

"ದೊಡ್ಡಮ್ಮ, ನಿಜ ಹೇಳು. ನಿನಗ ಆಗ ನೋವಿತ್ತೇನು? ಇಲ್ಲಾ ನನ್ನ ಸಲುವಾಗಿ ಮಾಡಿಸ್ಕೊಂಡ್ಯಾ?"

ಅವಳು ಮಗುವಿನ ಕಾಲು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಿತ್ತಕೋಶಾನೇ ಇಲ್ಲ ಈಗ. ಯಾರ್ನ ಕೇಳ್ತೀಯ ನೀನು?"

ಅದು ಉತ್ತರವಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅದನ್ನೇ ಹಿಡಿದುಕೊಂಡೆ. ನೋವು ಇದ್ದಿರಲೂಬಹುದು, ಕಲ್ಲಂತೂ ಸೀಸೆಯಲ್ಲಿತ್ತಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಅವಳ ಮಗ, ನಮ್ಮ ಅಣ್ಣ, ಫೋನ್ ಮಾಡಿದ. ಹೋಗಿಬಿಟ್ಟಳು ಎಂದು ಅವನು ಹೇಳಿದ ಮೇಲೆ ನನ್ನ ಬಾಯಿಂದ ಮೊದಲು ಬಂದ ಮಾತು, "ಹೊಟ್ಟೀದೇನಾದ್ರೂ ಆಯ್ತಾ?" ಎಂಬುದು. "ಇಲ್ಲ ಕಣೇ, ಹಾರ್ಟು. ಡಾಕ್ಟ್ರು ಬಂದು ನೋಡಿದ್ರು" ಎಂದ. ಅಳು ಬರುವುದಕ್ಕೆ ಮುಂಚೆ ನನಗೆ ಸಮಾಧಾನವಾಯಿತು. ನನ್ನನ್ನು ಎತ್ತಿ ಆಡಿಸಿದವಳು ಸತ್ತ ಸುದ್ದಿ ಕೇಳಿ ನನ್ನ ಮನಸ್ಸು ಮೊದಲು ಮಾಡಿದ್ದು ಆ ಕೆಲಸ. ಇದನ್ನು ನಾನು ಗಂಡನಿಗೂ ಹೇಳಿಲ್ಲ.

ತಿಥಿಯ ದಿನ ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟರು. ಬೇಳೆ ಹೋಳಿಗೆ, ಅದು ಮುಳುಗುವಷ್ಟು ತುಪ್ಪ, ಅಲಸಂದೆ ವಡೆ. ಅಮ್ಮ ಎಡೆಯನ್ನು ನೋಡುತ್ತ, "ಪಾಪ, ಕಲ್ಲಿನ ನೋವಿದ್ದಾಗೂ ತುಪ್ಪ ಬಿಟ್ಟಾಕಿ ಅಲ್ಲ" ಎಂದು ಕಣ್ಣೊರೆಸಿಕೊಂಡಳು. ಬಡಿಸಲು ಬಂದಿದ್ದ ದೊಡ್ಡಪ್ಪ ಅಲ್ಲೇ ನಿಂತ. ಅವನು ಮಾತು ಕಡಿಮೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲು ಬಾರದವನು.

"ಯಾವ ನೋವು? ಒಂದಿನಾನೂ ಬಂದಿರ್ಲಿಲ್ಲ ಅವ್ಳಿಗೆ. ಬಳ್ಳಾರಿಯಿಂದ ಬಂದ ದಿನಾನೇ ನಂಗೆ ಹೇಳಿದ್ಲು. ಡಾಕ್ಟ್ರ ಹತ್ರ ಸುಳ್ಳು ಹೇಳ್ಬಂದೀನಿ, ಹುಡುಗಿ ಬಾಳ ಹೆದ್ರಿಕಂಡೈತೆ, ನಾನು ಮೊದ್ಲು ಹೋಗ್ಬತ್ತೀನಿ ಅಂತ."

ಹೇಳಿ, ಪಂಕ್ತಿಯಲ್ಲಿ ಕೂತಿದ್ದ ನನ್ನ ಎಲೆಯ ಕಡೆ ಬಗ್ಗಿದ. ಹೋಳಿಗೆ ಇಟ್ಟು, ಮೇಲೆ ತುಪ್ಪ ಸುರಿದ. ಸಾಕು ಎಂದು ಕೈ ಅಡ್ಡ ಹಿಡಿದರೆ ಸರಿಸಿ ಇನ್ನೂ ಸುರಿದ. "ತಿನ್ನಮ್ಮ. ನಿಂಗೀಗ ತೊಂದ್ರೆಯಿಲ್ವಲ್ಲ."

ಎಲ್ಲರೂ ಊಟಕ್ಕೆ ಕೈ ಹಾಕಿದ್ದರು. ನಾನೂ ಮುರಿದು ಬಾಯಿಗಿಟ್ಟೆ. ಪೂರ್ತಿ ತಿಂದೆ. ಹೊಟ್ಟೆ ನೋಯಲಿಲ್ಲ.